ಜಿಪ್ಸಿ ಸ್ಟೀರಿಂಗ್ ನಡುಕ: ಲಿಫ್ಟ್ ಕಿಟ್ ತಗೊಳ್ಳೋ ಮೊದಲು ಏನೇನು ಬದಲಿಸಬೇಕು?

ಗಾಳಿಬೀಡು_ತೋಟ:

ನಮಸ್ಕಾರ ಎಲ್ಲರಿಗೂ. ಗಾಡಿ 2012ರ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್, ಪವರ್ ಸ್ಟೀರಿಂಗ್ ಇಲ್ಲ. ಹಿಂದಿನ ಮಾಲೀಕರು ಮುಂದೆ ಕಂಪನಿಯದ್ದಕ್ಕಿಂತ 50 ಮಿ.ಮೀ. ಹೆಚ್ಚು ಉದ್ದದ ಶಾಕಲ್ (ಬ್ಲೇಡಿನ ಒಂದು ತುದಿಯನ್ನು ಚಾಸಿಗೆ ಸೇರಿಸೋ ಕೊಂಡಿ) ಹಾಕಿಸಿದ್ದಾರೆ, ಹಿಂದೆ ಬ್ಲೇಡ್ ಸೆಟ್ಟಿಗೆ (ಪಟ್ಟಿ ಸ್ಪ್ರಿಂಗಿಗೆ) ಒಂದು ಹೆಲ್ಪರ್ ಪ್ಲೇಟ್ ಸೇರಿಸಿದ್ದಾರೆ. ಹಿಂಭಾಗ ಮೊದಲಿಗಿಂತ ಹೆಚ್ಚುಕಡಿಮೆ ಎರಡು ಇಂಚು ಎತ್ತರ ನಿಂತಿದೆ. ಟೈರ್ 235/75 ಆರ್ 15.

ತೊಂದರೆ ಇದು. ಮಡಿಕೇರಿ–ಕುಶಾಲನಗರ ರಸ್ತೆಯಲ್ಲಿ 55–60ರ ವೇಗದಲ್ಲಿ ಸಣ್ಣ ಗುಂಡಿಗೆ ಎಡ ಚಕ್ರ ಬಿದ್ದರೆ ಸ್ಟೀರಿಂಗ್ ಎರಡೂ ಕಡೆಗೆ ಜೋರಾಗಿ ಹೊಡೆದುಕೊಳ್ಳುತ್ತದೆ. ಬ್ರೇಕ್ ಹಾಕಿ 30ಕ್ಕೆ ಇಳಿಸೋವರೆಗೂ ನಿಲ್ಲೋದಿಲ್ಲ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರೋದಿಲ್ಲ, ಕೈಯಲ್ಲೇ ತಿರುಗಿಸಬೇಕು. ಮುಂದಿನ ಬಲ ಚಕ್ರದ ಒಳಮೈ ಮೇಲೆ ಕಪ್ಪು ಎಣ್ಣೆ ಕಾಣ್ತಿದೆ.

ಕೆಲಸ ಏನಂದ್ರೆ ತೋಟದೊಳಗೆ ಕಲ್ಲಿನ ಏರು, ಮಳೆಗಾಲದಲ್ಲಿ ಒಂದು ತೋಡು ದಾಟಬೇಕು, ಕೊಯ್ಲಿನಲ್ಲಿ 50 ಕೆ.ಜಿ.ಯ ಐದಾರು ಮೂಟೆ ಹಿಂದೆ. ಆಗಾಗ ಮಾಂದಲಪಟ್ಟಿ ಕಡೆಯ ದಾರಿ.

ತಗೊಳ್ಳಬೇಕು ಅಂತ ಅಂದುಕೊಂಡಿರೋದು: ಗಾಡಿಯನ್ನು ಎರಡು ಇಂಚು ಎತ್ತೋ ಲಿಫ್ಟ್ ಬ್ಲೇಡ್ ಸೆಟ್, ಉದ್ದದ ಶಾಕ್ ಅಬ್ಸಾರ್ಬರ್, ಹೆವಿ ಡ್ಯೂಟಿ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ಹೊಡೆತ ತಡೆಯೋ ಶಾಕ್), ಪಾಲಿಯುರೆಥೇನ್ ಬುಷ್, ದಪ್ಪ ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸೋ ಸರಳು). ಎಲ್ಲ ಒಟ್ಟಿಗೆ ಆಗೋದಿಲ್ಲ. ಯಾವುದು ಮೊದಲು, ಯಾವುದು ಬೇಡ, ಸ್ವಲ್ಪ ಹೇಳಿ.

ಫೋರ್‌ವೀಲ್_ಸೋಮವಾರಪೇಟೆ:

ಅಣ್ಣ, ಮೊದಲು ಒಂದು ಒಳ್ಳೆ ಡ್ಯಾಂಪರ್ ಹಾಕಿಸಿ, ಅರ್ಧಕ್ಕರ್ಧ ನಡುಕ ಅಲ್ಲೇ ಹೋಗುತ್ತೆ. ಚಕ್ರ ಬ್ಯಾಲೆನ್ಸಿಂಗ್ ಕೂಡ ಮಾಡಿಸಿ. ಆಮೇಲೆ ಕೈಗೆ ಭಾರ ಅನಿಸಿದರೆ ಕಾರಿನ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕಾಲಮ್ ಕೂರಿಸುವವರಿದ್ದಾರೆ.

ಹಳೇ_ಸ್ಪ್ಯಾನರ್:

ಬ್ಯಾಲೆನ್ಸಿಂಗ್ ಮಾಡಿಸೋದು ಸರಿ, ಡ್ಯಾಂಪರ್ ಮಾತ್ರ ಈಗ ಬೇಡ. ಡ್ಯಾಂಪರ್ ಹಾಕಿದರೆ ನಡುಕ ಕೆಲವು ತಿಂಗಳು ಅಡಗಿ ಕೂರುತ್ತೆ, ಅಷ್ಟರಲ್ಲಿ ಒಳಗಿನ ಸವೆತ ಮುಂದುವರಿದು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗೋ ಗೂಟ) ಕೂರುವ ಮನೆಯನ್ನೇ ತಿಂದುಬಿಡುತ್ತೆ. ಬಿಗಿಯಾಗಿರೋ ಮುಂದಿನ ಆಕ್ಸಲ್ ಡ್ಯಾಂಪರ್ ಬಿಚ್ಚಿಟ್ಟರೂ ವಾಬ್ಲಿಂಗ್ (ಈ ನಡುಕ) ಹೊಡೆಯಬಾರದು. ಪರೀಕ್ಷೆ ಮಾಡುವಾಗ ಡ್ಯಾಂಪರನ್ನು ಕಳಚಿಯೇ ಮಾಡಿ, ಆಗ ನಿಜ ತಿಳಿಯುತ್ತೆ.

ಎಲೆಕ್ಟ್ರಿಕ್ ಕಾಲಮ್ ಬಗ್ಗೆಯೂ ಒಂದು ಮಾತು. ಅದು ಕೈಗೆ ಹಗುರ ಮಾಡುತ್ತೆ, ಆದರೆ ಕೆಳಗಿನ ಸವೆತ ನಿಮ್ಮ ಕೈಗೆ ಗೊತ್ತಾಗದ ಹಾಗೂ ಮಾಡುತ್ತೆ. ಸವೆದ ಆಕ್ಸಲ್ ಮೇಲೆ ಅದನ್ನು ಹಾಕಿಸೋದು ಅಪಾಯ.

ಸಾಮಾನು ಕೊಳ್ಳೋ ಮೊದಲು ಅರ್ಧ ದಿನ ಇಟ್ಟುಕೊಂಡು ಈ ಕೆಲಸ ಮಾಡಿ.

ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಒಂದೊಂದು ಗೇಣು ಮಾತ್ರ ಅಲ್ಲಾಡಿಸ್ತಾ ಇರಲಿ. ನೀವು ಕೆಳಗೆ ಮಲಗಿ ಮೇಲಿನಿಂದ ಶುರುಮಾಡಿ ಒಂದೊಂದೇ ಜಾಯಿಂಟಿನ ಮೇಲೆ ಕೈ ಇಡಿ: ಸ್ಟೀರಿಂಗ್ ಶಾಫ್ಟಿನ ರಬ್ಬರ್ ಕಪ್ಲಿಂಗ್, ಸ್ಟೀರಿಂಗ್ ಬಾಕ್ಸ್, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರೋ ತೋಳು), ಅದನ್ನು ಚಕ್ರದ ಕಡೆಗೆ ಸೇರಿಸೋ ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ಎಲ್ಲಿ ಒಂದು ಕಡೆಯ ಲೋಹ ತಿರುಗಿ ಇನ್ನೊಂದು ಕಡೆಯದು ತಡವಾಗಿ ತಿರುಗುತ್ತೋ ಅಲ್ಲೇ ಆಟ (ಸಡಿಲ) ಇದೆ. ಕಣ್ಣಿಗೆ ಕಾಣದಿದ್ದರೂ ಅಂಗೈಗೆ ಟಕ್ ಅಂತ ತಾಗುತ್ತೆ. ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಅಳೆದರೆ ಒಟ್ಟು ಆಟ 30 ಮಿ.ಮೀ. ದಾಟಬಾರದು.

ಬಾಕ್ಸ್ ಕೂರುವ ಜಾಗದ ಮಣ್ಣನ್ನು ಪೂರ್ತಿ ತೊಳೆದು ನೋಡಿ. ಬೋಲ್ಟ್ ತೂತಿನ ಸುತ್ತ ಚಾಸಿಯಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ದೊಡ್ಡ ಟೈರ್ ಹಾಕಿ ಕಲ್ಲಿಗೆ ಹೊಡೆಸಿದ ಗಾಡಿಗಳಲ್ಲಿ ಈ ಜಾಗ ಬಿಡೋದು ಮಾಮೂಲು. ಅದನ್ನು ಸರಿ ಮಾಡದೆ ಹೊಸ ಬಾಕ್ಸ್ ಹಾಕಿದರೂ ಆಟ ಹೋಗೋದಿಲ್ಲ.

ಆಮೇಲೆ ಆಕ್ಸಲ್ ಕೊಳವೆಯ ಕೆಳಗೆ ಜಾಕ್ ಕೊಟ್ಟು ಒಂದು ಚಕ್ರ ಎತ್ತಿ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್. ಈ ಒಂದು ಪರೀಕ್ಷೆ ಬಿಟ್ಟದ್ದಕ್ಕೇ ಎಷ್ಟೋ ಗಾಡಿಗಳಲ್ಲಿ ಒಳ್ಳೆ ವೀಲ್ ಬೇರಿಂಗನ್ನು ಬಿಚ್ಚಿ ಎಸೆಯುತ್ತಾರೆ.

ಬಲ ಚಕ್ರದ ಕಪ್ಪು ಎಣ್ಣೆ ಬಹುಮಟ್ಟಿಗೆ ಡಿಫರೆನ್ಷಿಯಲ್‌ನ ಗೇರ್ ಆಯಿಲ್. ಆಕ್ಸಲ್ ಕೊಳವೆಯ ಒಳ ಸೀಲ್ ಹೋಗಿ ಎಣ್ಣೆ ನಕಲ್ (ಆಕ್ಸಲ್ ತುದಿಯಲ್ಲಿ ಚಕ್ರದ ಜೊತೆ ಎಡಬಲ ತಿರುಗೋ ಗೂಡು) ಒಳಗೆ ಬಂದು ಗ್ರೀಸನ್ನು ತೊಳೆದುಹಾಕಿದೆ. ಅಂದರೆ ಆ ಕಡೆಯ ಕಿಂಗ್‌ಪಿನ್ ಬೇರಿಂಗಿಗೆ ಈಗ ಸರಿಯಾದ ಗ್ರೀಸ್ ಇಲ್ಲ. ಸೀಲ್ ಬದಲಿಸೋ ಮುಂಚೆ ಡಿಫರೆನ್ಷಿಯಲ್ ಮೇಲಿನ ಬ್ರೀದರ್ (ಗಾಳಿ ಆಡೋ ತೂತು) ನೋಡಿ. ನಮ್ಮ ಕೆಂಪು ಮಣ್ಣು ಅದರಲ್ಲಿ ತುಂಬಿ ಗಟ್ಟಿಯಾದರೆ, ಬಿಸಿಯಾದ ಗಾಳಿಗೆ ಹೊರದಾರಿ ಇಲ್ಲದೆ ಎಣ್ಣೆಯನ್ನು ಸೀಲ್ ದಾಟಿಸಿ ನೂಕುತ್ತೆ. ಬಿಸಿ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದಾಗ ಇದೇ ಉಲ್ಟಾ ಆಗಿ ನೀರನ್ನು ಒಳಗೆ ಎಳೆಯುತ್ತೆ. ಬ್ರೀದರಿಗೆ ಒಂದು ರಬ್ಬರ್ ಹೋಸ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು ಕಟ್ಟಿ. ಖರ್ಚು ಬಹಳ ಕಡಿಮೆ, ಆದರೆ ಕೊಡಗಿನಲ್ಲಿ ಓಡೋ ಗಾಡಿಗೆ ಲಿಫ್ಟ್ ಕಿಟ್ಟಿಗಿಂತ ಇದು ಮುಖ್ಯ.

ಬ್ಲೇಡ್‌ಸೆಟ್_ಕುಶಾಲನಗರ:

ಸ್ಪ್ಯಾನರ್ ಅಣ್ಣ ಹೇಳಿದ್ದಕ್ಕೆ ಸೇರಿಸ್ತೀನಿ. ಸ್ಟೀರಿಂಗ್ ತಾನಾಗಿ ವಾಪಸ್ ಬರ್ತಿಲ್ಲ ಅಂದ್ರಲ್ಲ, ಅದು ಬರೀ ಸವೆತ ಅಲ್ಲ, ಕ್ಯಾಸ್ಟರ್ ಹೋಗಿರೋದು.

ಜಿಪ್ಸಿಗೆ ಕಂಪನಿಯ ಕ್ಯಾಸ್ಟರ್ ಸುಮಾರು 3.5 ಡಿಗ್ರಿ. ಅಂದರೆ ಕಿಂಗ್‌ಪಿನ್‌ನ ಮೇಲ್ತುದಿ ಅಷ್ಟು ಹಿಂದಕ್ಕೆ ವಾಲಿರಬೇಕು. ಚಕ್ರ ನೇರವಾಗಿ ಓಡೋದು, ತಿರುವು ಮುಗಿದ ಮೇಲೆ ಸ್ಟೀರಿಂಗ್ ವಾಪಸ್ ಬರೋದು ಈ ವಾಲಿನಿಂದ.

ಈಗ ನಿಮ್ಮ ಗಾಡಿಯ ಲೆಕ್ಕ. ಜಿಪ್ಸಿಯಲ್ಲಿ ಮುಂದಿನ ಬ್ಲೇಡಿನ ಶಾಕಲ್ ಇರೋದು ಬಂಪರ್ ಕಡೆಗೆ, ಫಿಕ್ಸ್ ಆದ ಕಣ್ಣು (ಬ್ಲೇಡ್ ತುದಿಯ ಸುರುಳಿ ತೂತು) ಹಿಂದೆ. ಶಾಕಲ್ 50 ಮಿ.ಮೀ. ಉದ್ದ ಆದರೆ ಬ್ಲೇಡಿನ ಮುಂದಿನ ತುದಿ ಮಾತ್ರ 50 ಮಿ.ಮೀ. ಕೆಳಗಿಳಿಯುತ್ತೆ. ಆಕ್ಸಲ್ ಇರೋದು ಹೆಚ್ಚುಕಡಿಮೆ ನಡುವಿನಲ್ಲಿ, ಹಾಗಾಗಿ ಸಿಕ್ಕ ಎತ್ತರ ಬರೀ 25 ಮಿ.ಮೀ. ಕಣ್ಣಿಂದ ಕಣ್ಣಿಗೆ 900 ಮಿ.ಮೀ. ಅಂತ ಹಿಡಿದರೂ ಬ್ಲೇಡ್ 3.2 ಡಿಗ್ರಿ ಮುಂದಕ್ಕೆ ಬಗ್ಗಿತು, ಅದರ ಜೊತೆ ಆಕ್ಸಲ್ಲೂ ಅಷ್ಟೇ ತಿರುಗಿತು. ಹಿಂದೆ ಹೆಲ್ಪರ್‌ನಿಂದ 50 ಮಿ.ಮೀ. ಏರಿದೆ, ಮುಂದೆ 25 ಮಿ.ಮೀ. ಮಾತ್ರ. ವೀಲ್‌ಬೇಸ್ 2375 ಮಿ.ಮೀ. ಆಗಿರೋದರಿಂದ ಇಡೀ ಗಾಡಿ ಮೂಗಿನ ಮೇಲೆ ಇನ್ನೂ 0.6 ಡಿಗ್ರಿ ಬಗ್ಗಿದೆ. ಒಟ್ಟು 3.8 ಡಿಗ್ರಿ ಹೋಯ್ತು. ಇದ್ದದ್ದೇ 3.5. ಈಗ ನಿಮ್ಮ ಕಿಂಗ್‌ಪಿನ್ ಮುಂದಕ್ಕೆ ವಾಲಿದೆ. ಯಾವ ಡ್ಯಾಂಪರ್ ಹಾಕಿದರೂ ಇದು ಸರಿಹೋಗೋದಿಲ್ಲ.

ಅಳೆದು ನೋಡೋದು ಸುಲಭ. ಮುಂದಿನ ಚಕ್ರ ನೇರ ಮಾಡಿ, ಕಿಂಗ್‌ಪಿನ್ ಮೇಲಿನ ಮುಚ್ಚಳದ ಸಮತಟ್ಟಾದ ಭಾಗ ಉಜ್ಜಿ, ಫೋನಿನ ಇಳಿಜಾರು ಅಳೆಯೋ ಆ್ಯಪ್ ಇಟ್ಟು ಗಾಡಿಯ ಉದ್ದದ ದಿಕ್ಕಿಗೆ ಓದಿ. ಕಾಫಿ ಕಣದಲ್ಲಿ ನಿಲ್ಲಿಸಿ ಅಳೆಯೋರು ಒಂದು ನೆನಪಿಡಿ: ನೀರು ಹರಿದುಹೋಗಲಿ ಅಂತ ಕಣಕ್ಕೆ ಇಳಿಜಾರು ಕೊಟ್ಟಿರ್ತಾರೆ. ಒಂದು ಸಲ ಓದಿ, ಗಾಡಿಯನ್ನು ತಿರುಗಿಸಿ ಅದೇ ಜಾಗದಲ್ಲಿ ಹಿಮ್ಮುಖವಾಗಿ ನಿಲ್ಲಿಸಿ ಮತ್ತೊಂದು ಸಲ ಓದಿ. ಎರಡರ ಸರಾಸರಿಯೇ ನಿಜವಾದ ಕ್ಯಾಸ್ಟರ್.

ಪರಿಹಾರ: ಉದ್ದದ ಶಾಕಲ್ ತೆಗೆದು ಕಂಪನಿ ಅಳತೆಯದ್ದು ಹಾಕಿ. ಆಪು (ಬೆಣೆಯಂಥ ಓರೆ ತುಂಡು) ಕೊಟ್ಟು ಸರಿ ಮಾಡಬಹುದು ಅಂತ ಹೇಳೋರಿದ್ದಾರೆ. ಜಿಪ್ಸಿಯಲ್ಲಿ ಬ್ಲೇಡ್ ಆಕ್ಸಲ್‌ನ ಕೆಳಗೆ ಇರೋದರಿಂದ, ಬ್ಲೇಡಿಗೂ ಆಕ್ಸಲ್‌ಗೂ ನಡುವೆ ದಪ್ಪ ಭಾಗ ಮುಂದೆ ಬರೋ ಹಾಗೆ ಆಪು ಇಟ್ಟರೆ ಕ್ಯಾಸ್ಟರ್ ವಾಪಸ್ ಬರುತ್ತೆ, ಅದು ನಿಜ. ಆದರೆ ಡಿಫರೆನ್ಷಿಯಲ್ ಮೂತಿ ಕೆಳಗಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಮೇಲೆ ಕೋನ ಹೆಚ್ಚಾಗುತ್ತೆ. 2 ಡಿಗ್ರಿವರೆಗೆ ಪರವಾಗಿಲ್ಲ. ಹಾಕೋದೇ ಆದರೆ ಉಕ್ಕಿನ ಆಪು ಹಾಕಿ. ಅಲ್ಯೂಮಿನಿಯಂ ಆಪು ಕಲ್ಲು ದಾರಿಯಲ್ಲಿ ಜಜ್ಜಿ ಪುಡಿಯಾಗಿ ಬ್ಲೇಡನ್ನು ಆಕ್ಸಲ್ಲಿಗೆ ಬಿಗಿಯೋ ಯು ಬೋಲ್ಟ್ ಸಡಿಲ ಬೀಳುತ್ತೆ. ಸೆಂಟರ್ ಬೋಲ್ಟಿನ ತಲೆ ಆಪಿನ ದಪ್ಪ ದಾಟಿ ಆಕ್ಸಲ್ ತೂತಿನೊಳಗೆ ಪೂರ್ತಿ ಕೂರಬೇಕು, ಇಲ್ಲದಿದ್ದರೆ ಉದ್ದ ತಲೆಯ ಬೋಲ್ಟ್ ಬೇಕು.

ಗಾಳಿಬೀಡು_ತೋಟ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೇ ಎಲ್ಲ ನೋಡಿದೆ.

ಎರಡು ಸಲ ಅಳೆದ ಕ್ಯಾಸ್ಟರ್ ಸರಾಸರಿ ಬಲಗಡೆ ಸೊನ್ನೆಗಿಂತ 0.4 ಡಿಗ್ರಿ ಕಡಿಮೆ, ಎಡಗಡೆ 0.1 ಕಡಿಮೆ. ಬ್ರೇಕ್ ತುಳಿದರೂ ಬಲ ಚಕ್ರದ ಆಟ ನಿಲ್ತಿಲ್ಲ, ಎಡದಲ್ಲಿ ಆಟ ಇಲ್ಲ. ಡ್ರ್ಯಾಗ್ ಲಿಂಕಿನ ಚಕ್ರದ ಕಡೆಯ ತುದಿ ಟಕ್ ಅನ್ನುತ್ತೆ. ಬ್ರೀದರ್ ಪೂರ್ತಿ ಮಣ್ಣು, ಸೂಜಿ ಹಾಕಿದರೂ ಬಿಡಲಿಲ್ಲ. ಚಾಸಿ ಬಿರುಕು ಇಲ್ಲ.

ಕಿಂಗ್‌ಪಿನ್ ಕೆಲಸಕ್ಕೆ ಏನೇನು ತರಬೇಕು? ಎಡಗಡೆಯದ್ದೂ ಬಿಚ್ಚಬೇಕಾ? ಬೇರಿಂಗ್ ಬಿಗಿ ಎಷ್ಟಿರಬೇಕು ಅಂತ ಗೊತ್ತಾಗೋದು ಹೇಗೆ?

ಹಳೇ_ಸ್ಪ್ಯಾನರ್:

ಎರಡೂ ಕಡೆ ಬಿಚ್ಚಿ. ಒಂದೇ ವಯಸ್ಸಿನ ಬೇರಿಂಗ್, ಒಂದೇ ತೋಡಿನ ನೀರು ಕುಡಿದಿದೆ.

ತರಬೇಕಾದ್ದು: ಕಿಂಗ್‌ಪಿನ್ ಬೇರಿಂಗ್ 4, ಅಂದರೆ ಒಂದು ಕಡೆಗೆ ಮೇಲೊಂದು ಕೆಳಗೊಂದು, ಕಪ್ ಸಮೇತ. ನಕಲ್ ಸೀಲ್ ಸೆಟ್ 2, ಪ್ರತಿ ಸೆಟ್ಟಿನಲ್ಲೂ ರಬ್ಬರ್, ಫೆಲ್ಟ್, ತಗಡಿನ ಪಟ್ಟಿ ಮೂರೂ ಇವೆಯಾ ನೋಡಿ. ಆಕ್ಸಲ್ ಒಳ ಸೀಲ್ 2. ಹಬ್ ಸೀಲ್ 2, ಬಿಚ್ಚಿದ ಮೇಲೆ ಹಳೆಯದನ್ನು ವಾಪಸ್ ಹಾಕಬೇಡಿ. ವೀಲ್ ಬೇರಿಂಗ್ ತೊಳೆದು ನೋಡಿ, ರೋಲರ್ ಮೇಲೆ ನೀಲಿ ಬಣ್ಣ ಅಥವಾ ಗುಳಿ ಇದ್ದರೆ ಮಾತ್ರ ಬದಲಿಸಿ. ಟೈ ರಾಡ್ ಎಂಡ್ 2, ಡ್ರ್ಯಾಗ್ ಲಿಂಕ್ ಎಂಡ್ 2, ಸ್ಪ್ಲಿಟ್ ಪಿನ್ 4. ತೆಳು ಶಿಮ್ (ಸಂದು ಹೊಂದಿಸೋ ತಗಡು) ಒಂದು ಸೆಟ್. ಇ.ಪಿ. 2 ದರ್ಜೆಯ, ನೀರಿಗೆ ತೊಳೆದುಹೋಗದ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಒಂದು ಕೆ.ಜಿ. ಡಬ್ಬಿ.

ಬೇರಿಂಗ್ ಕೊಳ್ಳುವಾಗ ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಂಚಿನ ಮೇಲಿನ ನಂಬರ್ ಓದಿ, ಆ ನಂಬರ್ ಹಿಡಿದುಕೊಂಡು ಹೋಗಿ. ಮೈಸೂರಿನಲ್ಲಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ಒಳ್ಳೆ ಕಂಪನಿಯದ್ದೇ ಸಿಗುತ್ತೆ. ‘ಜಿಪ್ಸಿ ಕಿಟ್’ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಬರೋದರಲ್ಲಿ ನಂಬರೇ ಇಲ್ಲದ ಬೇರಿಂಗ್ ಇರುತ್ತೆ, ಅದನ್ನು ಮುಟ್ಟಬೇಡಿ. ಟೈ ರಾಡ್ ಎಂಡಿಗೆ ಮಾರುತಿ ಜೆನ್ಯೂನ್ ಅಥವಾ ರಾಣೆ. ಹೊಸದನ್ನು ಕೈಯಲ್ಲಿ ಹಿಡಿದು ಪಿನ್ ಅಲ್ಲಾಡಿಸಿ: ಎಲ್ಲ ದಿಕ್ಕಿಗೂ ಒಂದೇ ಸಮ ಬಿಗಿಯಾಗಿ ತಿರುಗಬೇಕು. ತಲೆ ಜೋತುಬಿದ್ದರೆ ಡಬ್ಬಿಯಲ್ಲಿರುವಾಗಲೇ ಅದು ಸವೆದ ಹಾಗೆ. ಒಂದು ಬದಿಯದು ಎಡ ಥ್ರೆಡ್ ಇರುತ್ತೆ, ಎರಡೂ ಬಲದ್ದೇ ಕೊಟ್ಟುಬಿಡ್ತಾರೆ, ಅಂಗಡಿಯಲ್ಲೇ ನೋಡಿಕೊಳ್ಳಿ.

ಕೆಲಸದ ಕ್ರಮ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ತೆಗೆಯಿರಿ. ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಬ್ಲೇಡಿಗೆ ಕಟ್ಟಿ, ಹೋಸ್ ಮೇಲೆ ಜೋತುಬೀಳಲು ಬಿಡಬೇಡಿ. ಟೈ ರಾಡ್ ಎಂಡಿನ ನಟ್ ಅರ್ಧ ಬಿಚ್ಚಿ, ನಕಲ್ ತೋಳಿನ ಪಕ್ಕಕ್ಕೆ ಎರಡು ಸುತ್ತಿಗೆಯಿಂದ ಎದುರುಬದುರು ಒಟ್ಟಿಗೆ ಹೊಡೆಯಿರಿ, ತಾನಾಗಿ ಬೀಳುತ್ತೆ. ಥ್ರೆಡ್ ತುದಿಗೆ ಹೊಡೆಯಬೇಡಿ. ಹಳೆ ಎಂಡ್ ಎಷ್ಟು ಸುತ್ತು ತಿರುಗಿ ಹೊರಬಂತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ, ಹೊಸದನ್ನು ಅಷ್ಟೇ ಸುತ್ತು ಒಳಗೆ ಹಾಕಿದರೆ ಟೋ (ಎರಡು ಚಕ್ರಗಳ ಮುಂದಿನ ಮತ್ತು ಹಿಂದಿನ ಅಂತರದ ವ್ಯತ್ಯಾಸ) ಸರಿ ಅಳತೆಯ ಹತ್ತಿರಕ್ಕೆ ಬಂದು ನಿಲ್ಲುತ್ತೆ.

ಹಬ್, ಸ್ಪಿಂಡಲ್, ಆಕ್ಸಲ್ ಶಾಫ್ಟ್ ಹೊರಗೆ ಬಂದ ಮೇಲೆ ಹಿಂಭಾಗದ ಸೀಲ್ ಪಟ್ಟಿ ಬಿಚ್ಚಿ. ಕಿಂಗ್‌ಪಿನ್ ತೆಗೆಯುವಾಗ ಮೇಲಿನದ್ದಕ್ಕೂ ಕೆಳಗಿನದ್ದಕ್ಕೂ ಗುರುತು ಹಾಕಿ, ಅದರದರ ಶಿಮ್ಮನ್ನು ತಂತಿಯಲ್ಲಿ ಪೋಣಿಸಿ ಅದಕ್ಕೇ ಕಟ್ಟಿಡಿ. ನಕಲ್ ಕೆಳಗೆ ಕೈ ಇರಲಿ, ಕೆಳ ಬೇರಿಂಗ್ ಜಾರಿ ಬೀಳುತ್ತೆ.

ಈಗ ಕಪ್ ಒರೆಸಿ ಬೆಳಕಿಗೆ ಹಿಡಿದು ನೋಡಿ. ನೇರ ಓಡುವ ಸ್ಥಾನದಲ್ಲಿ ರೋಲರ್ ನಿಂತ ಕಡೆಯೆಲ್ಲ ಸಾಲಾಗಿ ಸಣ್ಣ ಗೀರು ಕಾಣುತ್ತೆ, ಬಾಚಣಿಗೆಯ ಹಲ್ಲು ಒತ್ತಿದ ಹಾಗೆ. ಉಗುರು ಎಳೆದರೆ ಟರ್ ಟರ್ ಅಂತ ಸಿಕ್ಕಿಕೊಳ್ಳುತ್ತೆ. ಕಲ್ಲಿನ ಹೊಡೆತಕ್ಕೆ ರೋಲರ್ ಕಪ್ಪಿನೊಳಗೆ ಅಚ್ಚೊತ್ತಿ ಹಾಗಾಗಿರುತ್ತೆ. ಹಳೆ ಕಪ್ಪಿನಲ್ಲಿ ಹೊಸ ಬೇರಿಂಗ್ ಇಟ್ಟರೆ ರೋಲರ್ ಅದೇ ಗುಳಿಗೆ ಬಿದ್ದು ವಾರದಲ್ಲೇ ನಡುಕ ವಾಪಸ್ ಬರುತ್ತೆ. ಕಪ್ ಬದಲಿಸೋದು ಬೇಡ ಅನ್ನೋ ಮೆಕ್ಯಾನಿಕ್ಕಿನ ಮಾತು ಕೇಳಬೇಡಿ.

ಹೊಸ ಕಪ್ಪನ್ನು ಹಳೆ ಕಪ್ಪಿನಿಂದಲೇ ತಟ್ಟಿ ಕೂರಿಸಬಹುದು, ಸಮವಾಗಿ ಕೂತಾಗ ಸುತ್ತಿಗೆಯ ಸದ್ದು ಬದಲಾಗುತ್ತೆ. ಆಕ್ಸಲ್ ತುದಿಯ ಗುಂಡು ಮೈ ಮೇಲೆ ತುಕ್ಕಿನ ಚುಕ್ಕೆ ಇದ್ದರೆ 400 ನಂಬರ್ ಎಮೆರಿ ಕಾಗದದಿಂದ ನುಣ್ಣಗೆ ಮಾಡಿ, ಹಾಗೇ ಬಿಟ್ಟರೆ ಹೊಸ ಸೀಲನ್ನು ಅರದ ಹಾಗೆ ಉಜ್ಜಿ ಹಾಕುತ್ತೆ.

ಬಿಗಿ ಅಳೆಯೋದು: ಸೀಲ್ ಹಾಕೋ ಮುಂಚೆ, ಟೈ ರಾಡ್ ಕಳಚಿರುವಾಗ, ನಕಲ್ ತೋಳಿನ ಟೈ ರಾಡ್ ತೂತಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ತೋಳಿಗೆ ಲಂಬವಾಗಿ ಎಳೆಯಿರಿ. ನಕಲ್ ತಿರುಗೋಕೆ ಶುರುವಾಗುವ ಹೊತ್ತಿಗೆ 1.0ರಿಂದ 1.8 ಕೆ.ಜಿ. ತೋರಿಸಬೇಕು. ಕಡಿಮೆ ಇದ್ದರೆ ಒಂದು ತೆಳು ಶಿಮ್ ತೆಗೆಯಿರಿ, ಹೆಚ್ಚಿದ್ದರೆ ಸೇರಿಸಿ. ಒಂದೇ ಕಡೆಯಿಂದ ತೆಗೀತಾ ಹೋಗಬೇಡಿ. ಮೇಲೆ ಕೆಳಗೆ ಸಮವಾಗಿ ಹೊಂದಿಸದಿದ್ದರೆ ನಕಲ್ ನಡುವಿನಿಂದ ಸರಿದು ಆಕ್ಸಲ್ ಶಾಫ್ಟ್ ಒಂದು ಕಡೆಗೆ ಉಜ್ಜುತ್ತೆ. ಕಾಫಿ ತೂಗುವ ದೊಡ್ಡ ತಕ್ಕಡಿ ಇದಕ್ಕೆ ಆಗೋದಿಲ್ಲ, 10 ಕೆ.ಜಿ. ಒಳಗಿನ ಸಣ್ಣ ಮೆಣಸಿನ ತಕ್ಕಡಿ ಬೇಕು. ಸೀಲ್ ಹಾಕಿ ಅಳೆದರೆ ಸೀಲಿನ ತಿಕ್ಕಾಟವೂ ಸೇರಿ ಸುಳ್ಳು ಲೆಕ್ಕ ಬರುತ್ತೆ.

ಕೊನೆಗೆ ಟೋ. ಚಕ್ರ ಎತ್ತಿ ತಿರುಗಿಸ್ತಾ ಟೈರಿನ ನಡುವೆ ಮೊಳೆ ಹಿಡಿದು ಒಂದು ಗೆರೆ ಎಳೆಯಿರಿ, ಎರಡೂ ಟೈರಿಗೆ. ಇಳಿಸಿ, ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಆಕ್ಸಲ್ ಎತ್ತರದಲ್ಲಿ ಹಿಂದೆ ಗೆರೆಯಿಂದ ಗೆರೆಗೆ ಅಳೆಯಿರಿ. ಚಕ್ರ ಅರ್ಧ ಸುತ್ತು ಉರುಳಿಸಿ ಅದೇ ಗುರುತನ್ನು ಮುಂದೆ ತಂದು ಮತ್ತೆ ಅಳೆಯಿರಿ. ಮುಂದಿನ ಅಳತೆ 2ರಿಂದ 6 ಮಿ.ಮೀ. ಕಡಿಮೆ ಇರಬೇಕು. ರೇಡಿಯಲ್ ಟೈರಿಗೆ 2–3ಕ್ಕೆ ಇಡಿ.

ಒಂದು ಎಚ್ಚರಿಕೆ: ಸ್ಟೀರಿಂಗ್ ಬಾಕ್ಸ್ ಮೇಲಿನ ಅಡ್ಜಸ್ಟ್ ಸ್ಕ್ರೂವನ್ನು ಇದೆಲ್ಲ ಮುಗಿಯೋವರೆಗೂ ಮುಟ್ಟಬೇಡಿ. ಆಟ ಬೇರೆ ಕಡೆ ಇರುವಾಗ ಅದನ್ನು ಬಿಗಿ ಮಾಡಿದರೆ ಒಳಗಿನ ವರ್ಮ್ ಸವೆದು ಬಾಕ್ಸೇ ಹೋಗುತ್ತೆ. ಆಮೇಲೂ ಬಾಕ್ಸಿನಲ್ಲೇ ಆಟ ಉಳಿದಿದ್ದರೆ, ಚಕ್ರ ನೇರ ಇರುವಾಗ ಮಾತ್ರ ಸ್ವಲ್ಪ ಸ್ವಲ್ಪ ತಿರುಗಿಸಿ. ತುದಿಯಿಂದ ತುದಿಗೆ ಸ್ಟೀರಿಂಗ್ ತಿರುಗಿಸಿದಾಗ ಎಲ್ಲೂ ಹಿಡಿಯಬಾರದು.

ನಾಪೋಕ್ಲು_ಜೀಪ್:

ದಪ್ಪ ಟೈ ರಾಡ್ ಬಗ್ಗೆ ಯಾರೂ ಹೇಳಲಿಲ್ಲ. ಕಲ್ಲಿಗೆ ಬಡಿದರೆ ಕಂಪನಿ ರಾಡ್ ಬಾಗುತ್ತೆ, ಆ ಹೊಡೆತ ಅಲ್ಲಿಗೇ ಮುಗಿಯುತ್ತೆ. ತುಂಬಾ ದಪ್ಪ ಹಾಕಿದರೆ ಅದೇ ಹೊಡೆತ ನಕಲ್ ತೋಳಿಗೋ ಬಾಲ್ ಜಾಯಿಂಟಿಗೋ ಹೋಗುತ್ತೆ. ತೋಟದ ಕೆಲಸಕ್ಕೆ ಕಂಪನಿ ರಾಡೇ ಇರಲಿ, ಎಂಡ್ ಸಮೇತ ಜೋಡಿಸಿ ಟೋ ಅಳತೆಗೆ ಲಾಕ್ ಮಾಡಿದ ಇನ್ನೊಂದು ರಾಡನ್ನು ಸೀಟಿನ ಹಿಂದೆ ಕಟ್ಟಿಟ್ಟುಕೊಳ್ಳಿ. ಬಾಗಿದ ರಾಡಿಗೆ ಬೆಂಕಿ ಕೊಟ್ಟು ನೇರ ಮಾಡಿಸೋದು, ಕಟ್ ಮಾಡಿ ವೆಲ್ಡ್ ಮಾಡಿಸೋದು ಯಾವತ್ತೂ ಬೇಡ. ಇಳಿಜಾರಿನಲ್ಲಿ ಬಿಟ್ಟರೆ ಎರಡು ಚಕ್ರ ಎರಡು ದಿಕ್ಕಿಗೆ ಹೋಗುತ್ತೆ.

ಇನ್ನೊಂದು, ಅಗಲ ರಿಮ್ ಅಥವಾ ಸ್ಪೇಸರ್ ಹಾಕಿದ್ದೀರಾ? ಚಕ್ರ ಹೊರಗೆ ಹೋದಷ್ಟೂ ಕಲ್ಲಿನ ಹೊಡೆತ ಉದ್ದ ತೋಳು ಹಿಡಿದು ಸ್ಟೀರಿಂಗ್ ಎಳೆಯುತ್ತೆ.

ಗಾಳಿಬೀಡು_ತೋಟ:

ಸ್ಪೇಸರ್ ಇಲ್ಲ, ಕಂಪನಿ ರಿಮ್ಮೇ. ಸರಿ, ಕಿಂಗ್‌ಪಿನ್ ಕೆಲಸ, ಎಂಡ್‌ಗಳು, ಕಂಪನಿ ಶಾಕಲ್, ಬ್ರೀದರ್ ಹೋಸ್ ಮೊದಲು. ಹಾಗಾದರೆ ಲಿಫ್ಟ್ ಸೆಟ್ ಬೇಡವೇ? ಮುಂದಿನ ಬ್ಲೇಡ್ ಎರಡೂ ಚಪ್ಪಟೆಯಾಗಿವೆ, ಹೇಗಿದ್ದರೂ ಏನಾದರೂ ಹಾಕಲೇಬೇಕು.

ಬ್ಲೇಡ್‌ಸೆಟ್_ಕುಶಾಲನಗರ:

ನಿಮ್ಮ ಕೆಲಸಕ್ಕೆ ಬೇಡ. ಎತ್ತರದ ಲೆಕ್ಕ ನೋಡಿ. ಕಂಪನಿಯ 205/70 ಆರ್ 15 ಟೈರ್ ಎತ್ತರ 668 ಮಿ.ಮೀ., ನಿಮ್ಮ 235/75 ಆರ್ 15 ಸುಮಾರು 733 ಮಿ.ಮೀ. ಡಿಫರೆನ್ಷಿಯಲ್ ಕೆಳಗೆ 33 ಮಿ.ಮೀ. ಆಗಲೇ ಸಿಕ್ಕಿದೆ. ಬ್ಲೇಡ್ ಲಿಫ್ಟ್ ಎಷ್ಟೇ ಮಾಡಿದರೂ ಬಾಡಿ ಏರುತ್ತೆ, ಡಿಫರೆನ್ಷಿಯಲ್ ಒಂದು ಮಿ.ಮೀ. ಕೂಡ ಏರೋದಿಲ್ಲ. ಕಲ್ಲು ತಾಗೋದು ಡಿಫರೆನ್ಷಿಯಲ್‌ಗೆ. ಬದಲಿಗೆ ಎರಡು ಇಂಚು ಎತ್ತಿದರೆ ಡ್ರ್ಯಾಗ್ ಲಿಂಕ್ ಓರೆಯಾಗಿ, ಒಂದೊಂದು ಗುಂಡಿಗೂ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತೆ. ಬ್ರೇಕ್ ಹೋಸ್ ಉದ್ದ ಸಾಲದೆ ಬರುತ್ತೆ. ಫುಲ್ ಲಾಕ್‌ನಲ್ಲಿ ಟೈರ್ ಬ್ಲೇಡಿಗೆ ಉಜ್ಜುತ್ತಿದ್ದರೆ ನಕಲ್ ಮೇಲಿನ ಸ್ಟಾಪರ್ ಬೋಲ್ಟ್ ಹೊರಗೆ ತಿರುಗಿಸಿ ಸರಿ ಮಾಡಿ, ಅದಕ್ಕೆ ಲಿಫ್ಟ್ ಉತ್ತರ ಅಲ್ಲ. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ನಿಮ್ಮ ಟೈರ್ ಅಳತೆಗೂ ಇದು ಅನ್ವಯಿಸುತ್ತೆ.

ಚಪ್ಪಟೆಯಾದ ಬ್ಲೇಡಿಗೆ ಕ್ಯಾಂಬರ್ ಹೊಡೆಸಿದರೆ (ಮತ್ತೆ ಬಾಗಿಸಿದರೆ) ಅಗ್ಗ, ಆದರೆ ತಣ್ಣಗೆ ಸುತ್ತಿಗೆಯಲ್ಲಿ ಬಗ್ಗಿಸಿದ್ದು ಒಂದು ಮಳೆಗಾಲ ಉಳಿಯೋದೂ ಕಷ್ಟ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡೋ ಕುಲುಮೆ ಇರೋ ಕಡೆಯಾದರೆ ಸರಿ. ಇಲ್ಲದಿದ್ದರೆ ಮುಂದಕ್ಕೆ ಕಂಪನಿ ಅಳತೆಯ ಹೊಸ ಸೆಟ್ ಜೋಡಿ. ಮುಖ್ಯವಾಗಿ ಎರಡೂ ಕಡೆ ಒಟ್ಟಿಗೆ ಬದಲಿಸಿ, ಒಂದೇ ಕಡೆ ಹಾಕಿದರೆ ಗಾಡಿ ಓರೆ ನಿಲ್ಲುತ್ತೆ.

ಹಿಂದೆ 300 ಕೆ.ಜಿ. ಹೊರೋದು ವರ್ಷದಲ್ಲಿ ಎರಡು ಮೂರು ತಿಂಗಳು. ಅದಕ್ಕೆ ವರ್ಷವಿಡೀ ಗಟ್ಟಿ ಬ್ಲೇಡ್ ಇಟ್ಟುಕೊಂಡರೆ ಖಾಲಿ ಓಡುವಾಗ ಹಿಂಬದಿ ಕುಣಿಯುತ್ತೆ, ಒದ್ದೆ ಕಲ್ಲಿನ ಏರಿನಲ್ಲಿ ಹಿಂದಿನ ಚಕ್ರ ನೆಲ ಬಿಡುತ್ತೆ. ಈಗಿನ ಹೆಲ್ಪರ್ ಖಾಲಿ ಇರುವಾಗಲೂ ಮೇನ್ ಪ್ಲೇಟಿಗೆ ಅಂಟಿಕೊಂಡಿದೆ ಅನಿಸುತ್ತೆ, ಅದಕ್ಕೇ ಎರಡು ಇಂಚು ಏರಿದೆ. ಅದನ್ನು ತೆಗೆದು, ಕಡಿಮೆ ಬಾಗಿನ ಪ್ಲೇಟನ್ನು ಸೆಟ್ಟಿನ ಕೆಳಗೆ ಹಾಕಿಸಿ. ಖಾಲಿ ಇರುವಾಗ ಅದರ ತುದಿಗೂ ಮೇಲಿನ ಪ್ಲೇಟಿಗೂ ಬೆರಳು ತೂರುವಷ್ಟು ಸಂದು ಇರಬೇಕು, ನಾಲ್ಕನೇ ಮೂಟೆಗೆ ಅದು ಮುಟ್ಟಬೇಕು.

ಬುಷ್: ಒಂದು ಬ್ಲೇಡಿಗೆ ಮೂರು ಜಾಗ, ನಾಲ್ಕು ಬ್ಲೇಡಿಗೆ 12. ಎರಡು ಹೋಳಿನ ಬುಷ್ ಆದರೆ 24 ಬೇಕು. ಇಲ್ಲಿಗೆ ರಬ್ಬರ್ ಬುಷ್ಷೇ ಸರಿ. ಪಾಲಿಯುರೆಥೇನ್ ಗಟ್ಟಿ, ಪಿನ್ ಮೇಲೆ ಜಾರಿ ತಿರುಗುತ್ತೆ, ಆ ಸಂದಿಗೆ ಕೆಂಪು ಮಣ್ಣು ಹೋದರೆ ಪಿನ್ ಸಾಣೆ ಹಿಡಿದ ಹಾಗೆ ಸವೆಯುತ್ತೆ. ರಬ್ಬರ್ ತನ್ನೊಳಗೇ ತಿರುಚಿಕೊಳ್ಳುತ್ತೆ. ಅದಕ್ಕೇ ಶಾಕಲ್ ಬೋಲ್ಟನ್ನು ಗಾಡಿ ಎತ್ತಿರುವಾಗ ಬಿಗಿ ಮಾಡಬಾರದು. ಬೋಲ್ಟ್ ಕೈಬಿಗಿ ಇಟ್ಟು, ಇಳಿಸಿ, ಚಕ್ರದ ಮೇಲೆ ಭಾರ ಬಂದು ಬ್ಲೇಡ್ ತನ್ನ ಜಾಗಕ್ಕೆ ಕೂತ ಮೇಲೆ ಬಿಗಿ ಮಾಡಿ. ತಪ್ಪಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತೆ.

ಯು ಬೋಲ್ಟ್ ಹಳೆಯದು ಮತ್ತೆ ಹಾಕಬೇಡಿ, ಎಂಟೂ ಹೊಸದು ತನ್ನಿ. ನಾಲ್ಕು ನಟ್ಟನ್ನು ಅಡ್ಡಡ್ಡ ಕ್ರಮದಲ್ಲಿ ಸಮವಾಗಿ ಎಳೆಯಿರಿ.

ಶಾಕ್ ಅಬ್ಸಾರ್ಬರ್: ಕಂಪನಿ ಬ್ಲೇಡಿಗೆ ಉದ್ದದ್ದು ಹಾಕಿದರೆ ಬಂಪ್ ಸ್ಟಾಪ್ (ಆಕ್ಸಲ್ ಮೇಲೇರೋದನ್ನು ತಡೆಯೋ ರಬ್ಬರ್) ಮುಟ್ಟೋ ಮೊದಲೇ ಅದರ ಪಿಸ್ಟನ್ ತಳ ಹೊಡೆದು ಮೇಲಿನ ಪಿನ್ ಬಾಗುತ್ತೆ. ಅಳತೆ ಹೀಗೆ: ಗಾಡಿ ಸಮತಟ್ಟಿನಲ್ಲಿ ನಿಂತಾಗ ಮೇಲಿನ ಹಿಡಿತದಿಂದ ಕೆಳಗಿನ ಕಣ್ಣಿನ ನಡುವಿನವರೆಗೆ ಅಳೆಯಿರಿ. ಅದರಿಂದ ಬಂಪ್ ಸ್ಟಾಪ್ ಮತ್ತು ಆಕ್ಸಲ್ ನಡುವಿನ ಸಂದು ಕಳೆಯಿರಿ, ಇನ್ನೂ 15 ಮಿ.ಮೀ. ಕಳೆಯಿರಿ. ಪೂರ್ತಿ ಒತ್ತಿದಾಗಿನ ಉದ್ದ ಅದಕ್ಕಿಂತ ಹೆಚ್ಚಿರಬಾರದು. ಉದಾಹರಣೆಗೆ 400 ಇದ್ದು ಸಂದು 75 ಆದರೆ 310. ಇನ್ನು ಆಕ್ಸಲ್ ಪೂರ್ತಿ ಜೋತುಬಿದ್ದಾಗಿನ ಅಳತೆಗಿಂತ 20 ಮಿ.ಮೀ. ಹೆಚ್ಚು ಚಾಚಿಕೊಳ್ಳಬೇಕು. ಮೇಲೆ ಪಿನ್ನೋ ಕಣ್ಣೋ ನೋಡಿಕೊಂಡು ತನ್ನಿ. ಕಂಪನಿ ಅಳತೆಯ ಎಣ್ಣೆ ಶಾಕ್ ಅಬ್ಸಾರ್ಬರ್ ನಿಮಗೆ ಧಾರಾಳ.

ನಾಪೋಕ್ಲು_ಜೀಪ್:

ಮಹೀಂದ್ರದ ಹಳೆ ಮಾದರಿಯ ಥಾರ್ ಸಿ.ಆರ್.ಡಿ.ಇ. ಇಟ್ಟುಕೊಂಡವರು ಈ ಮಾತು ಹಾಗೇ ತಗೊಳ್ಳಬೇಡಿ. ಅದರಲ್ಲಿ ಮುಂದೆ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಸರಳು), ಬ್ಲೇಡ್ ಹಿಂದೆ ಮಾತ್ರ. ಬಾರ್ ತಿರುಗಿಸಿ ಮುಂದೆ ಎತ್ತಿದರೆ ಗಡಸು ಹೆಚ್ಚೋದಿಲ್ಲ, ಚಕ್ರ ಕೆಳಗಿಳಿಯೋ ಜಾಗ ಹೋಗುತ್ತೆ, ಡ್ರೈವ್ ಶಾಫ್ಟಿನ ಬೂಟ್ ಹರಿಯುತ್ತೆ, ಚಕ್ರದ ಕ್ಯಾಂಬರ್ (ಒಳಗೆ ಹೊರಗೆ ವಾಲಿದ ಕೋನ) ಕೆಡುತ್ತೆ. ಬಾಲ್ ಜಾಯಿಂಟ್, ರ‍್ಯಾಕಿನ ರಬ್ಬರ್ ಬೂಟ್ ಇವೆರಡನ್ನು ಪ್ರತಿ ಸಲ ತೊಳೆಯುವಾಗಲೂ ನೋಡಿ.

ಗಾಳಿಬೀಡು_ತೋಟ:

ಅರ್ಥ ಆಯ್ತು. ಪಟ್ಟಿಯಿಂದ ಲಿಫ್ಟ್, ಡ್ಯಾಂಪರ್, ಪಾಲಿಯುರೆಥೇನ್ ಬುಷ್, ದಪ್ಪ ರಾಡ್ ತೆಗೆದೆ. ಎಲ್ಲ ಜೋಡಿಸಿದ ಮೇಲೆ ಮತ್ತೆ ಯಾವಾಗ ಬಿಗಿ ನೋಡಬೇಕು? ತೋಡು ದಾಟಿದ ಮೇಲೆ ಏನಾದರೂ ಮಾಡಬೇಕಾ?

ಹಳೇ_ಸ್ಪ್ಯಾನರ್:

ಯು ಬೋಲ್ಟ್ ಮತ್ತು ಕಿಂಗ್‌ಪಿನ್ ಬೋಲ್ಟ್ ಮೊದಲ 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಒಮ್ಮೆ. ಹೊಸ ಬ್ಲೇಡಿನ ಬಣ್ಣ ಒತ್ತಿಕೊಂಡು ಸಂದು ಬೀಳೋದರಿಂದ ಯು ಬೋಲ್ಟ್ ಸಡಿಲ ಆಗೇ ಆಗುತ್ತೆ. 1000 ಕಿ.ಮೀ. ಆದ ಮೇಲೆ ಚಕ್ರ ಎತ್ತಿ ಆ ಬ್ರೇಕ್ ಪರೀಕ್ಷೆ ಇನ್ನೊಮ್ಮೆ ಮಾಡಿ, ಬೇರಿಂಗ್ ಕೂತು ಸ್ವಲ್ಪ ಆಟ ಬಂದಿದ್ದರೆ ಒಂದು ಶಿಮ್ ತೆಗೆದರೆ ಸಾಕು.

ತೋಡಿಗೆ ಇಳಿಯೋ ಮುಂಚೆ ಐದು ಹತ್ತು ನಿಮಿಷ ನಿಲ್ಲಿಸಿ ಹಬ್ ತಣ್ಣಗಾಗಲು ಬಿಡಿ. ನೀರು ಹಬ್ ಮುಟ್ಟುವಷ್ಟು ಇದ್ದರೆ ಮರುದಿನ ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡೋ ಮುಂಚೆ, ಡಿಫರೆನ್ಷಿಯಲ್ ಕೆಳಗಿನ ಪ್ಲಗ್ಗನ್ನು ಕಾಲು ಸುತ್ತು ಸಡಿಲಿಸಿ. ನೀರು ಒಳಗೆ ಹೋಗಿದ್ದರೆ ರಾತ್ರಿಯಲ್ಲಿ ಅದು ತಳಕ್ಕೆ ಇಳಿದಿರುತ್ತೆ, ಮೊದಲ ನಾಲ್ಕು ಹನಿಯಲ್ಲೇ ಬರುತ್ತೆ. ಎಣ್ಣೆಯೇ ಬಂದರೆ ಪ್ಲಗ್ ಬಿಗಿ ಮಾಡಿ ಹೊರಡಿ. ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಅವತ್ತೇ ಪೂರ್ತಿ ಬದಲಿಸಿ.